ಕ್ಲಿಕ್ ಮಾಡೋ ಕೆಲಸ ಯಾವ ಟೂಲ್‌ಗೆ ಒಪ್ಪಿಸೋದು?

ನಮ್ಮ ಭಾವನ ಅಂಗಡಿಯಲ್ಲಿ ಒಂದು ಹಳೇ ಬಿಲ್ಲಿಂಗ್ ಸಾಫ್ಟ್‌ವೇರ್ ಇದೆ. ಎಕ್ಸೆಲ್‌ನಿಂದ ಪಟ್ಟಿ ಎಳೆದುಕೊಳ್ಳೋದು ಅದಕ್ಕೆ ಬರೋದಿಲ್ಲ. ರಾತ್ರಿ ಷಟರ್ ಎಳೆದ ಮೇಲೆ ಎಂಬತ್ತು ಚಿಲ್ಲರೆ ಸಾಲುಗಳನ್ನು ಕೂತು ಕುಟ್ಟಬೇಕು. ‘ಬಿಡಿ ಭಾವ, ಇದನ್ನ ಕಂಪ್ಯೂಟರೇ ಮಾಡುತ್ತೆ’ ಅಂತ ನಾನು ದೊಡ್ಡದಾಗಿ ಹೇಳಿ, ಇಪ್ಪತ್ತು ಸಾಲಿನ ಒಂದು ಸ್ಕ್ರಿಪ್ಟ್ (ಕಂಪ್ಯೂಟರ್‌ಗೆ ಕೊಡೋ ಆಜ್ಞೆಗಳ ಪಟ್ಟಿ) ಬರೆದುಕೊಟ್ಟೆ. ಪರದೆಯ ಎಡದಿಂದ 640 ಚುಕ್ಕಿ (ಪಿಕ್ಸೆಲ್), ಮೇಲಿಂದ 412, ಅಲ್ಲಿ ಒಂದು ಕ್ಲಿಕ್. ಹೆಸರು ಟೈಪ್ ಮಾಡು, ಟ್ಯಾಬ್ ಒತ್ತು, ಮೊತ್ತ ಹಾಕು, ಸೇವ್ ಒತ್ತು.

ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ಭಾವ ಹೊಸ ಮಾನಿಟರ್ ತಂದರು. ಅಕ್ಷರ ಚಿಕ್ಕದಾಯ್ತು ಅಂತ ಸ್ಕೇಲಿಂಗ್ 125% ಮಾಡಿಕೊಂಡರು. ಆ ರಾತ್ರಿ ಸ್ಕ್ರಿಪ್ಟ್ ಸೇವ್ ಬದಲು ಅದರ ಪಕ್ಕದ ‘ಕ್ಯಾನ್ಸಲ್ ಬಿಲ್’ ಗುಂಡಿಯನ್ನು ಒತ್ತುತ್ತಾ ಹೋಯಿತು. ನಾವು ಟೀ ಕುಡಿದು ಬರೋ ಹೊತ್ತಿಗೆ ಹದಿನೇಳು ಬಿಲ್ ಮಾಯ.

ತಪ್ಪು ಮಾನಿಟರ್‌ದಲ್ಲ, ಭಾವನದೂ ಅಲ್ಲ. ಗುಂಡಿಯ ಹೆಸರು ಹೇಳಿ ಒತ್ತಿಸಬೇಕಾದ ಕಡೆ ನಾನು ಜಾಗದ ಲೆಕ್ಕ ಹೇಳಿ ಒತ್ತಿಸಿದ್ದೆ. ಆಮೇಲೆ ಈ ಥರದ ಟೂಲ್‌ಗಳನ್ನು ಒಂದೊಂದಾಗಿ ಹಾಕಿ ನೋಡಿದೆ. ಯಾರಿಗೆ ಯಾವುದು ಸರಿಹೋಗುತ್ತೆ ಅನ್ನೋದು ಇಲ್ಲಿದೆ.

ನಿಮಗೆ ಬೇಕಾಗಿರೋದು ಏನು?

‘ಕಂಪ್ಯೂಟರ್ ಕಂಟ್ರೋಲ್ ಮಾಡೋ ಟೂಲ್ ಹೇಳಿ’ ಅಂತ ಕೇಳೋರಿಗೆ ಬೇಕಿರೋದು ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು. ಒಬ್ಬರಿಗೆ ವಿಂಡೋಗಳು ಪರದೆ ಮೇಲೆ ನೆಟ್ಟಗೆ ಕೂತರೆ ಸಾಕು. ಇನ್ನೊಬ್ಬರಿಗೆ ಕ್ಯಾಪ್ಸ್ ಲಾಕ್ ಕೀ ಬೇರೆ ಕೆಲಸ ಮಾಡಬೇಕು. ಮತ್ತೊಬ್ಬರಿಗೆ ಒಂದೇ ವಿಳಾಸವನ್ನು ದಿನಕ್ಕೆ ಐವತ್ತು ಸಲ ಟೈಪ್ ಮಾಡೋದು ತಪ್ಪಬೇಕು. ಉಳಿದವರದ್ದು ನಮ್ಮ ಭಾವನ ಕೇಸು: ಒಂದು ಪ್ರೋಗ್ರಾಮಿನ ಗುಂಡಿಗಳನ್ನು ಇನ್ನೊಂದು ಪ್ರೋಗ್ರಾಮ್ ಒತ್ತಬೇಕು.

ಮೊದಲ ಮೂರಕ್ಕೆ ಸ್ಕ್ರಿಪ್ಟ್ ಬರೆಯೋದೇ ಬೇಕಾಗಿಲ್ಲ. ಜನ ಸುಮ್ನೆ ನಾಲ್ಕನೇ ಕೆಲಸದ ಟೂಲ್ ತಂದು ಮೊದಲನೇ ಕೆಲಸ ಮಾಡಿಸ್ತಾರೆ.

ವಿಂಡೋ ಜೋಡಿಸೋಕೆ

ವಿಂಡೋಸ್ 7ರಿಂದಲೂ ವಿಂಡೋಸ್ ಕೀ ಜೊತೆ ಎಡ ಇಲ್ಲವೇ ಬಲ ಬಾಣದ ಕೀ ಒತ್ತಿದರೆ ವಿಂಡೋ ಪರದೆಯ ಅರ್ಧಕ್ಕೆ ಹೋಗಿ ಕೂರುತ್ತೆ. ಶಿಫ್ಟ್ ಸೇರಿಸಿ ಎಡ ಇಲ್ಲವೇ ಬಲ ಬಾಣ ಒತ್ತಿದರೆ ಪಕ್ಕದ ಮಾನಿಟರ್‌ಗೆ ಜಿಗಿಯುತ್ತೆ. ವಿಂಡೋಸ್ 11ರಲ್ಲಿ ವಿಂಡೋಸ್ ಕೀ ಜೊತೆ ಜೆಡ್ ಒತ್ತಿ, ಮೂರು ನಾಲ್ಕು ಭಾಗದ ಜೋಡಣೆಗಳು ಬರುತ್ತವೆ. ಬಹಳ ಜನರಿಗೆ ಇಷ್ಟೇ ಸಾಕು.

ಸಾಲದಿದ್ದರೆ ಮೈಕ್ರೋಸಾಫ್ಟ್‌ನದ್ದೇ ಉಚಿತ ಪವರ್‌ಟಾಯ್ಸ್ ಹಾಕಿಕೊಳ್ಳಿ. ಅದರ ಫ್ಯಾನ್ಸಿಝೋನ್ಸ್‌ನಲ್ಲಿ ಪರದೆಯನ್ನು ನಿಮ್ಮ ಇಷ್ಟದಂತೆ ಭಾಗ ಮಾಡಿಟ್ಟು, ಶಿಫ್ಟ್ ಹಿಡಿದು ವಿಂಡೋ ಎಳೆದರೆ ಆ ಭಾಗದಲ್ಲಿ ಕೂರುತ್ತೆ. ವಿಂಡೋಸ್ ಕೀ, ಕಂಟ್ರೋಲ್, ಟಿ ಮೂರನ್ನೂ ಒತ್ತಿದರೆ ಎದುರಿಗಿರೋ ವಿಂಡೋ ಎಲ್ಲದರ ಮೇಲೇ ಉಳಿಯುತ್ತೆ. ಕ್ಯಾಲ್ಕುಲೇಟರ್ ಮೇಲಿಟ್ಟುಕೊಂಡು ಲೆಕ್ಕ ಬರೆಯೋರಿಗೆ ಇದೊಂದೇ ಸಾಕು ಪವರ್‌ಟಾಯ್ಸ್ ಹಾಕಿಕೊಳ್ಳೋಕೆ.

ಒಂದು ಹಳೇ ಉಪಾಯವನ್ನೂ ಹೇಳಿಬಿಡ್ತೀನಿ. ಎರಡನೇ ಮಾನಿಟರ್ ತೆಗೆದ ಮೇಲೆ ಕೆಲವು ವಿಂಡೋಗಳು ಪರದೆಯ ಆಚೆ ಸಿಕ್ಕಿಕೊಳ್ಳುತ್ತವೆ, ಟಾಸ್ಕ್‌ಬಾರ್‌ನಲ್ಲಿ ಕಾಣುತ್ತವೆ, ಆದರೆ ಕೈಗೆ ಸಿಗೋದಿಲ್ಲ. ಆಲ್ಟ್ ಮತ್ತು ಸ್ಪೇಸ್ ಒತ್ತಿ, ಎಂ ಒತ್ತಿ, ಒಂದು ಬಾಣದ ಕೀ ತಟ್ಟಿ. ಆಮೇಲೆ ಮೌಸ್ ಅಲ್ಲಾಡಿಸಿದರೆ ವಿಂಡೋ ಅದಕ್ಕೆ ಅಂಟಿಕೊಂಡು ಒಳಗೆ ಬರುತ್ತೆ.

ಕೀ ಬದಲಿಸೋಕೆ

ಇಲ್ಲಿ ಆಯ್ಕೆ ಎರಡು, ವ್ಯತ್ಯಾಸವೂ ಸುಲಭ. ಶಾರ್ಪ್‌ಕೀಸ್ ಅನ್ನೋ ಚಿಕ್ಕ ಪ್ರೋಗ್ರಾಮ್ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡೋ ಜಾಗ) ‘ಈ ಕೀ ಒತ್ತಿದರೆ ಆ ಕೀ ಅಂತ ತಿಳಿ’ ಎಂದು ಬರೆದಿಟ್ಟು ಸುಮ್ಮನಾಗುತ್ತೆ. ಹಿನ್ನೆಲೆಯಲ್ಲಿ ಏನೂ ಓಡುತ್ತಿರೋದಿಲ್ಲ, ಲಾಗಿನ್ ಪರದೆಯಲ್ಲೂ ಬದಲಾವಣೆ ಇರುತ್ತೆ. ಆದರೆ ಒಂದು ಕೀಗೆ ಒಂದೇ ಕೀ, ಎಲ್ಲಾ ಪ್ರೋಗ್ರಾಮ್‌ಗೂ ಅದೇ. ಬದಲಾಯಿಸಿದ ಮೇಲೆ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಬೇಕು.

ಪವರ್‌ಟಾಯ್ಸ್‌ನ ಕೀಬೋರ್ಡ್ ಮ್ಯಾನೇಜರ್‌ನಲ್ಲಿ ಶಾರ್ಟ್‌ಕಟ್‌ಗಳನ್ನೂ ಬದಲಿಸಬಹುದು, ‘ಈ ಪ್ರೋಗ್ರಾಮಿನಲ್ಲಿ ಮಾತ್ರ’ ಅಂತಲೂ ಹೇಳಬಹುದು. ಆದರೆ ಪವರ್‌ಟಾಯ್ಸ್ ಓಡುತ್ತಿದ್ದರೆ ಮಾತ್ರ ಇದೆಲ್ಲ. ಸವೆದು ಹೋದ ಒಂದು ಕೀಗೆ ಬದಲಿ ಬೇಕಿದ್ದರೆ ಶಾರ್ಪ್‌ಕೀಸ್. ಶಾರ್ಟ್‌ಕಟ್ ಬೇಕಿದ್ದರೆ ಕೀಬೋರ್ಡ್ ಮ್ಯಾನೇಜರ್.

ಮೌಸ್ ಕೆಟ್ಟುಹೋಗಿ ಅರ್ಜೆಂಟ್ ಕೆಲಸ ಇದ್ದರೆ ಎಡ ಆಲ್ಟ್, ಎಡ ಶಿಫ್ಟ್, ನಮ್ ಲಾಕ್ ಒಟ್ಟಿಗೆ ಒತ್ತಿ. ಬಲಗಡೆಯ ನಂಬರ್ ಕೀಗಳಿಂದಲೇ ಮೌಸ್ ಬಾಣ ಓಡಾಡುತ್ತೆ. ನಿಧಾನ, ಆದರೆ ಕೆಲಸ ನಿಲ್ಲೋದಿಲ್ಲ.

ಆಟೋಹಾಟ್‌ಕೀ, ಆಟೋಇಟ್, ಪವರ್ ಆಟೊಮೇಟ್

ವಿಂಡೋಸ್‌ನಲ್ಲಿ ನಾಲ್ಕನೇ ಕೆಲಸಕ್ಕೆ ಇಳಿಯೋರು ನೋಡಬೇಕಾಗಿರೋದು ಈ ಮೂರನ್ನು.

ಆಟೋಇಟ್ ಹುಟ್ಟಿದ್ದು 1999ರಲ್ಲಿ. ಅದಕ್ಕೆ ಹಾಟ್‌ಕೀ ಸೌಲಭ್ಯ ಸೇರಿಸೋಣ ಅಂತ ಕ್ರಿಸ್ ಮ್ಯಾಲೆಟ್ ಸಲಹೆ ಕೊಟ್ಟಿದ್ದರು. ಅದು ಮುಂದುವರಿಯಲಿಲ್ಲ. ಅವರೇ 2003ರಲ್ಲಿ ಆಟೋಹಾಟ್‌ಕೀ ಹೊರತಂದರು. ಈ ಕಥೆ ಗೊತ್ತಿದ್ದರೆ ಎರಡರ ಸ್ವಭಾವವೂ ಅರ್ಥವಾಗುತ್ತೆ. ಆಟೋಇಟ್‌ನ ಮನಸ್ಸು ಇನ್ನೊಂದು ಪ್ರೋಗ್ರಾಮನ್ನು ಮೊದಲಿಂದ ಕೊನೆವರೆಗೆ ಓಡಿಸೋದರ ಮೇಲೆ. ಬೇಸಿಕ್ ಥರದ ಭಾಷೆ, ಶಾಲೆಯಲ್ಲಿ ಬೇಸಿಕ್ ಕಲಿತವರಿಗೆ ಹತ್ತಿರ ಅನಿಸುತ್ತೆ. ಆಟೋಹಾಟ್‌ಕೀ ಹಗಲಿಡೀ ಹಿನ್ನೆಲೆಯಲ್ಲಿ ಕೂತು, ನೀವು ಒಂದು ಕೀ ಒತ್ತಿದ ಕೂಡಲೇ ಏಳೋ ಥರದ್ದು.

ಅದರಲ್ಲಿ ಬರೆಯೋ ರೀತಿ ಹೀಗೆ: # ಅಂದರೆ ವಿಂಡೋಸ್ ಕೀ, ^ ಅಂದರೆ ಕಂಟ್ರೋಲ್, ! ಅಂದರೆ ಆಲ್ಟ್, + ಅಂದರೆ ಶಿಫ್ಟ್. ಈ ಚಿಹ್ನೆ, ಒಂದು ಅಕ್ಷರ, ಎರಡು ಕೋಲನ್, ಆಮೇಲೆ ಮಾಡಬೇಕಾದ ಕೆಲಸ. ಒಂದು ಸಾಲಿಗೆ ಒಂದು ಶಾರ್ಟ್‌ಕಟ್ ಮುಗಿಯಿತು. ವಿಂಡೋ ಎದುರಿಗೆ ತರೋದು, ಸರಿಸೋದು, ಮೌಸ್ ಓಡಿಸೋದು ಎಲ್ಲಕ್ಕೂ ಒಂದೊಂದು ಆಜ್ಞೆ ಇದೆ. ಜೊತೆಗೆ ಬರೋ ವಿಂಡೋ ಸ್ಪೈ ಅನ್ನೋ ಚಿಕ್ಕ ಕಿಟಕಿಯನ್ನು ತೆರೆದು ಯಾವುದೇ ಗುಂಡಿಯ ಮೇಲೆ ಮೌಸ್ ಬಾಣ ಹಿಡಿದರೆ, ಒಳಗೆ ಆ ಗುಂಡಿಗೆ ಇರೋ ಹೆಸರು ಕಾಣುತ್ತೆ. ಆ ಹೆಸರು ಸಿಕ್ಕಿದರೆ 640, 412ರ ಹಂಗಿಲ್ಲ. ಮಾನಿಟರ್ ಬದಲಾಗಲಿ, ವಿಂಡೋ ಮೂಲೆಗೆ ಹೋಗಲಿ, ಕ್ಲಿಕ್ ಆ ಗುಂಡಿಗೇ ಬೀಳುತ್ತೆ. ಮೌಸ್ ಅಲ್ಲಾಡುವುದೂ ಇಲ್ಲ.

ಇದು ಎಲ್ಲ ಕಡೆ ಸಿಗೋದಿಲ್ಲ. ಹಳೇ ಕಾಲದ ವಿಂಡೋಸ್ ಪ್ರೋಗ್ರಾಮ್‌ಗಳಲ್ಲಿ ಪ್ರತಿ ಗುಂಡಿಗೂ ಬೇರೆ ಬೇರೆ ಗುರುತು ಇರುತ್ತೆ. ಬ್ರೌಸರ್ ಮತ್ತು ಬ್ರೌಸರ್ ಮೇಲೆ ಕಟ್ಟಿದ ಪ್ರೋಗ್ರಾಮ್‌ಗಳಲ್ಲಿ ಇಡೀ ಪುಟ ಒಂದೇ ಚಿತ್ರದ ಹಾಗೆ ಕಾಣುತ್ತೆ, ವಿಂಡೋ ಸ್ಪೈಗೆ ಒಳಗಿನ ಗುಂಡಿ ಕಾಣೋದಿಲ್ಲ. ಅಂಥ ಕಡೆ ಟ್ಯಾಬ್, ಎಂಟರ್ ಒತ್ತಿ ದಾರಿ ಮಾಡಿಕೊಳ್ಳಿ. ಟ್ಯಾಬ್ ಎಣಿಕೆ ಜಾಗದ ಲೆಕ್ಕಕ್ಕಿಂತ ಎಷ್ಟೋ ಗಟ್ಟಿ.

ಆಟೋಹಾಟ್‌ಕೀ ಹಾಕೋರಿಗೆ ಒಂದು ಎಚ್ಚರಿಕೆ. 2022ರ ಡಿಸೆಂಬರ್‌ನಲ್ಲಿ ಅದರ 2.0 ಬಂತು, ಭಾಷೆಯ ವ್ಯಾಕರಣವೇ ಬದಲಾಯಿತು. ಅಂತರ್ಜಾಲದಲ್ಲಿ ಬಿದ್ದಿರೋ ಸ್ಕ್ರಿಪ್ಟ್‌ಗಳಲ್ಲಿ ಬಹಳಷ್ಟು ಹಳೇ 1.1ರವು. ನಕಲು ಮಾಡಿ ಅಂಟಿಸಿದರೆ ತಪ್ಪಿನ ಸಂದೇಶ ಬರುತ್ತೆ, ಹೊಸಬರು ‘ಇದು ನನ್ನ ಕೈಲಿ ಆಗೋದಲ್ಲ’ ಅಂತ ಬಿಟ್ಟುಬಿಡ್ತಾರೆ. ಹೊಸದಾಗಿ ಕಲಿಯೋದಾದರೆ 2ನ್ನೇ ಕಲಿಯಿರಿ. ಎರಡನ್ನೂ ಒಂದೇ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬಹುದು.

ಕೋಡ್ ಅಂದರೆ ಜ್ವರ ಬರೋರಿಗೆ ಪವರ್ ಆಟೊಮೇಟ್ ಡೆಸ್ಕ್‌ಟಾಪ್. 2021ರ ಮಾರ್ಚ್‌ನಿಂದ ವಿಂಡೋಸ್ 10 ಇರೋರಿಗೂ ಮೈಕ್ರೋಸಾಫ್ಟ್ ಇದನ್ನು ಉಚಿತವಾಗಿ ಕೊಡುತ್ತಿದೆ. ರೆಕಾರ್ಡ್ ಒತ್ತಿ ಒಂದು ಸಲ ಕೆಲಸ ಮಾಡಿ ತೋರಿಸಿದರೆ ಹೆಜ್ಜೆಗಳ ಪಟ್ಟಿ ತಯಾರಾಗುತ್ತೆ. ಇದೂ ಗುಂಡಿಯನ್ನು ಗುರುತು ಹಿಡಿದೇ ಒತ್ತುತ್ತೆ. ಎಕ್ಸೆಲ್ ತೆರೆದು ಸಾಲು ಸಾಲಾಗಿ ಓದೋದೂ ಸಿದ್ಧವಾಗಿ ಇದೆ. ಆದರೆ ನಿಗದಿತ ಹೊತ್ತಿಗೆ ತಾನೇ ಓಡಬೇಕು ಅಂದರೆ ದುಡ್ಡು ಕೊಡಬೇಕು. ಹಳೇ ಲ್ಯಾಪ್‌ಟಾಪಿನಲ್ಲಿ ಭಾರವೂ ಆಗುತ್ತೆ. ಒಂದು ಕೀ ಒತ್ತಿದ ತಕ್ಷಣ ಏನೋ ಆಗಬೇಕು ಅನ್ನೋ ಕೆಲಸಕ್ಕೆ ಇದು ಎತ್ತಿನ ಗಾಡಿ.

ನನ್ನ ಮಾತು ಕೇಳೋದಾದರೆ: ಬರೆಯೋಕೆ ಹಿಂಜರಿಕೆ ಇಲ್ಲದಿದ್ದರೆ ಆಟೋಹಾಟ್‌ಕೀ, ಇದ್ದರೆ ಪವರ್ ಆಟೊಮೇಟ್. ಆಟೋಇಟ್ ಕೆಟ್ಟದ್ದೇನಲ್ಲ. ಆಫೀಸಿನಲ್ಲಿ ಈಗಾಗಲೇ ಅದರ ಸ್ಕ್ರಿಪ್ಟ್‌ಗಳಿದ್ದರೆ ಕಿತ್ತುಹಾಕೋ ಕಾರಣವೂ ಇಲ್ಲ.

ಮೂರಕ್ಕೂ ಅಂಟಿದ ಒಂದು ತೊಡಕು ಇದೆ. ವಿಂಡೋಸ್ ವಿಸ್ಟಾದಿಂದ ಈಚೆಗೆ, ಸಾಮಾನ್ಯ ಹಕ್ಕಿನ ಪ್ರೋಗ್ರಾಮ್ ಅಡ್ಮಿನ್ ಹಕ್ಕಿನಲ್ಲಿ ಓಡೋ ಪ್ರೋಗ್ರಾಮ್‌ಗೆ ಕೀ ಕಳಿಸೋ ಹಾಗಿಲ್ಲ. ತಪ್ಪಿನ ಸಂದೇಶವೂ ಬರದೆ ಇರಬಹುದು, ಸುಮ್ನೆ ಏನೂ ಆಗೋದಿಲ್ಲ. ‘ನೋಟ್‌ಪ್ಯಾಡ್‌ನಲ್ಲಿ ಕೆಲಸ ಮಾಡುತ್ತೆ, ನಮ್ಮ ಸಾಫ್ಟ್‌ವೇರ್‌ನಲ್ಲಿ ಮಾಡಲ್ಲ’ ಅನ್ನೋ ದೂರು ಬಂದರೆ ನಾನು ಮೊದಲು ನೋಡೋದು ಇದನ್ನೇ. ಸ್ಕ್ರಿಪ್ಟನ್ನೂ ಅಡ್ಮಿನ್ ಆಗಿ ಓಡಿಸಿದರೆ ಸರಿಯಾಗುತ್ತೆ.

ಕನ್ನಡ ಟೈಪ್ ಮಾಡಿಸೋದಾದರೆ

ಇಂಗ್ಲಿಷಿನವರು ಬರೆದ ಹೋಲಿಕೆಗಳಲ್ಲಿ ಈ ಭಾಗ ಇರೋದೇ ಇಲ್ಲ. ನಮಗೆ ಇದೇ ಮುಖ್ಯ.

ಕೀ ಒತ್ತೋದು ಬೇರೆ, ಅಕ್ಷರ ಕಳಿಸೋದು ಬೇರೆ. ಕೀ ಒತ್ತೋ ಟೂಲ್‌ಗೆ ಕೀಬೋರ್ಡಿನ ಮೇಲೆ ಇಲ್ಲದ ಅಕ್ಷರ ಗೊತ್ತೇ ಇಲ್ಲ. ಅಕ್ಷರ ಕಳಿಸೋ ಟೂಲ್ ‘ಕ’ ಅನ್ನೋ ಯೂನಿಕೋಡ್ ಅಕ್ಷರವನ್ನೇ ನೇರವಾಗಿ ದೂಡುತ್ತೆ. ಆಟೋಹಾಟ್‌ಕೀಯ ‘ಸೆಂಡ್‌ಟೆಕ್ಸ್ಟ್’ ಎರಡನೇ ಜಾತಿಯದು. ಆಗ ಯಾವ ಭಾಷೆಯ ಕೀಲಿಮಣೆ ಆನ್ ಆಗಿದ್ದರೂ ಕನ್ನಡ ಸರಿಯಾಗಿ ಬೀಳುತ್ತೆ. ಪೈಥಾನ್ ಭಾಷೆಯಲ್ಲಿ ಬರೆಯೋರು ಬಳಸೋ ಪೈಆಟೋಗುಯಿ ಮೊದಲ ಜಾತಿ. ಅದರ ‘ರೈಟ್’ ಆಜ್ಞೆಗೆ ಕನ್ನಡ ಕೊಟ್ಟರೆ ಅಕ್ಷರಗಳನ್ನು ಬಿಟ್ಟು ಮುಂದೆ ಹೋಗುತ್ತೆ. ಕನ್ನಡವನ್ನು ಕ್ಲಿಪ್‌ಬೋರ್ಡ್‌ಗೆ ಹಾಕಿ, ಕಂಟ್ರೋಲ್ ಮತ್ತು ವಿ ಒತ್ತಿಸೋದೇ ಅಲ್ಲಿನ ದಾರಿ.

ಬರೀ ಚಿಕ್ಕ ಪದಕ್ಕೆ ಉದ್ದ ವಾಕ್ಯ ಬೇಕು ಅನ್ನೋರಿಗೆ ಆಟೋಹಾಟ್‌ಕೀಯಲ್ಲಿ ಹಾಟ್‌ಸ್ಟ್ರಿಂಗ್ ಇದೆ. ಎರಡು ಕೋಲನ್, ಇಂಗ್ಲಿಷಿನ ಮೂರಕ್ಷರ, ಮತ್ತೆ ಎರಡು ಕೋಲನ್, ಆಮೇಲೆ ‘ಮಾನ್ಯರೇ, ತಮ್ಮ ಪತ್ರ ತಲುಪಿತು’. ಮೂರಕ್ಷರ ಟೈಪ್ ಮಾಡಿ ಸ್ಪೇಸ್ ಒತ್ತಿದರೆ ಇಡೀ ವಾಕ್ಯ. ಫೈಲನ್ನು ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ (ಅಕ್ಷರಗಳನ್ನು ಫೈಲಿನಲ್ಲಿ ಬರೆದಿಡೋ ರೀತಿ) ಉಳಿಸಿ. ಹಳೇ 1.1ರಲ್ಲಿ ಬಾಮ್ (ಫೈಲಿನ ಮೊದಲಿಗೆ ಕೂರೋ ಒಂದು ಗುರುತು) ಇರೋ ಯುಟಿಎಫ್-8 ಆಗಿರಬೇಕು, ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಕಸ ಬರುತ್ತೆ. ಇದೊಂದೇ ಕೆಲಸಕ್ಕಾದರೆ ಎಸ್ಪಾನ್ಸೋ ಇನ್ನೂ ಹಗುರ. ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತೆ, ಪದಗಳ ಪಟ್ಟಿ ಒಂದು ಸರಳ ಫೈಲಿನಲ್ಲಿ ಇರುತ್ತೆ.

ಇನ್ನೊಂದು ಸೂಕ್ಷ್ಮ. ‘ಲಕ್ಷ್ಮೀ’ ನಮ್ಮ ಕಣ್ಣಿಗೆ ಎರಡು ಅಕ್ಷರ. ಯೂನಿಕೋಡ್‌ಗೆ ಏಳು: ಲ, ಕ, ವಿರಾಮ (ಅಕ್ಷರ ಕೂಡಿಸೋ ಅರ್ಧದ ಗುರುತು), ಷ, ವಿರಾಮ, ಮ, ದೀರ್ಘದ ಗುರುತು. ಬಾಣದ ಕೀ ಹೆಚ್ಚಿನ ಕಡೆ ಇಡೀ ಒತ್ತಕ್ಷರವನ್ನು ಒಂದೇ ನೆಗೆತಕ್ಕೆ ದಾಟುತ್ತೆ, ಬ್ಯಾಕ್‌ಸ್ಪೇಸ್ ಮಾತ್ರ ಒಂದೊಂದೇ ತುಣುಕು ಅಳಿಸುತ್ತೆ. ಹಾಗಾಗಿ ‘ಏಳು ಸಲ ಹಿಂದೆ ಹೋಗು’ ಅಂತ ಸ್ಕ್ರಿಪ್ಟಿನಲ್ಲಿ ಎಣಿಕೆ ಹಾಕಿದರೆ ಕರ್ಸರ್ ಹಿಂದಿನ ಪದದೊಳಗೆ ನುಗ್ಗುತ್ತೆ. ಎಣಿಸೋಕೆ ಹೋಗಬೇಡಿ, ಹೋಮ್ ಒತ್ತಿ, ಶಿಫ್ಟ್ ಹಿಡಿದು ಎಂಡ್ ಒತ್ತಿ, ಪೂರ್ತಿ ಬರೆಯಿರಿ.

ಕೀಗಳನ್ನು ತಾನೇ ಹಿಡಿದು ಕನ್ನಡಕ್ಕೆ ತಿರುಗಿಸೋ ಟೈಪಿಂಗ್ ತಂತ್ರಾಂಶ ನಿಮ್ಮಲ್ಲಿ ಓಡುತ್ತಿದ್ದರೆ, ಸ್ಕ್ರಿಪ್ಟ್ ಶುರು ಮಾಡೋ ಮುಂಚೆ ಅದನ್ನು ಇಂಗ್ಲಿಷಿಗೆ ತಿರುಗಿಸಿಡಿ. ಒಂದೇ ಕೀಗೆ ಇಬ್ಬರು ಕೈ ಹಾಕಿದರೆ ಯಾರಿಗೆ ಸಿಗುತ್ತೆ ಅಂತ ಹೇಳೋಕಾಗಲ್ಲ. ಹಳೇ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದು) ಮಾಡಿದ ಡಿಟಿಪಿ ಫೈಲ್‌ಗೆ ಯೂನಿಕೋಡ್ ಕಳಿಸೋದೂ ವ್ಯರ್ಥ. ಆ ಫಾಂಟಿನಲ್ಲಿ ಯೂನಿಕೋಡ್ ಕನ್ನಡ ಇರೋದೇ ಇಲ್ಲ.

ಲಿನಕ್ಸ್‌ನವರು ಮೊದಲು ಇದನ್ನ ನೋಡಿ

ಲಿನಕ್ಸ್‌ನಲ್ಲಿ ಟೂಲ್ ಆರಿಸೋದು ನೀವಲ್ಲ, ನಿಮ್ಮ ಡಿಸ್‌ಪ್ಲೇ ವ್ಯವಸ್ಥೆ. ಎಕ್ಸ್11 ಆದರೆ ಒಂದು ದಾರಿ, ವೇಲ್ಯಾಂಡ್ ಆದರೆ ಇನ್ನೊಂದು.

ಎಕ್ಸ್11 1987ರದ್ದು. ಅದರಲ್ಲಿ ಒಂದು ಪ್ರೋಗ್ರಾಮ್ ಇನ್ನೊಂದರ ಕೀಗಳನ್ನು ಓದಬಹುದು, ಕಳಿಸಬಹುದು, ವಿಂಡೋ ಎಳೆಯಬಹುದು, ಕೇಳೋರಿಲ್ಲ. ಬಾಗಿಲಿಗೆ ಅಗಳಿ ಇಲ್ಲದ ಮನೆ. ಅದಕ್ಕೇ ಅಲ್ಲಿ ಎಕ್ಸ್‌ಡೂಟೂಲ್ ಅಷ್ಟು ಸಲೀಸು: ಹೆಸರಿನಿಂದ ವಿಂಡೋ ಹುಡುಕು, ಎದುರಿಗೆ ತಾ, ಟೈಪ್ ಮಾಡು, ಎಲ್ಲ ಒಂದೇ ಸಾಲಿನಲ್ಲಿ. ಕನ್ನಡವನ್ನೂ ಟೈಪ್ ಮಾಡುತ್ತೆ. ಖಾಲಿ ಇರೋ ಒಂದು ಕೀಗೆ ಆ ಅಕ್ಷರವನ್ನು ಒಂದು ಕ್ಷಣ ಅಂಟಿಸಿ ಒತ್ತೋದು ಅದರ ಉಪಾಯ. ವಿಂಡೋ ಪಟ್ಟಿ, ಜಾಗ, ಅಳತೆಗೆ ಡಬ್ಲ್ಯುಎಂಕಂಟ್ರೋಲ್ (wmctrl) ಇದೆ.

ವೇಲ್ಯಾಂಡ್ ಅಗಳಿ ಹಾಕಿತು. ಉಬುಂಟು 21.04ರಿಂದ ಅದೇ ಮೊದಲ ಆಯ್ಕೆ, 25.10ರಲ್ಲಿ ಅದರ ನೋಮ್ ಡೆಸ್ಕ್‌ಟಾಪಿಗೆ ಎಕ್ಸ್11 ಸೆಷನ್ ಇಲ್ಲವೇ ಇಲ್ಲ. ಹೊಸ ಉಬುಂಟುಗೆ ಹೋದ ಮೇಲೆ ‘ಎಕ್ಸ್‌ಡೂಟೂಲ್ ಕೆಟ್ಟಿತು’ ಅನ್ನೋರು ಬಹಳ. ಅದು ಕೆಟ್ಟಿಲ್ಲ, ಅದಕ್ಕೆ ಒಳಗೆ ಪ್ರವೇಶ ಇಲ್ಲ ಅಷ್ಟೇ.

ಅಲ್ಲಿ ವೈಡೂಟೂಲ್ ಬೇರೆ ಹಾದಿ ಹಿಡಿಯುತ್ತೆ. ಲಿನಕ್ಸ್‌ನ ಒಳತಿರುಳಾದ ಕರ್ನಲ್‌ನ ಯುಇನ್‌ಪುಟ್ ಮೂಲಕ ತಾನೇ ಒಂದು ಕೀಬೋರ್ಡ್ ಅಂತ ನಟಿಸುತ್ತೆ. ಅದಕ್ಕೇ ಎಲ್ಲ ಕಡೆ ನಡೆಯುತ್ತೆ, ಅದಕ್ಕೇ ವಿಶೇಷ ಅನುಮತಿಯೂ ಬೇಕು, ಹಿನ್ನೆಲೆಯಲ್ಲಿ ಅದರದ್ದೇ ಸೇವೆಯೂ ಓಡಬೇಕು. ನಿಜವಾದ ಕೀಬೋರ್ಡಿಗೆ ಯಾವ ವಿಂಡೋ ಎದುರಿಗಿದೆ ಅಂತ ಗೊತ್ತಿರಲ್ಲ ಅಲ್ವಾ, ಇದಕ್ಕೂ ಗೊತ್ತಿರಲ್ಲ. ಕನ್ನಡ ಅಕ್ಷರವನ್ನೂ ಕಳಿಸೋಕೆ ಬರಲ್ಲ, ಬರೀ ಕೀ. ಸ್ವೇಯಂಥ, ಡಬ್ಲ್ಯುಎಲ್‌ರೂಟ್ಸ್ (ವೇಲ್ಯಾಂಡ್ ಡೆಸ್ಕ್‌ಟಾಪ್ ಕಟ್ಟೋ ಲೈಬ್ರರಿ) ಬಳಸೋ ಡೆಸ್ಕ್‌ಟಾಪ್ ಇದ್ದರೆ ಡಬ್ಲ್ಯುಟೈಪ್ ಹಾಕಿ, ಅದು ಯೂನಿಕೋಡ್ ಕಳಿಸುತ್ತೆ. ಕೆಡಿಇ ಡೆಸ್ಕ್‌ಟಾಪಿನಲ್ಲಿ ವಿಂಡೋ ಹುಡುಕೋಕೆ ಕೆಡೂಟೂಲ್ ಇದೆ. ನೋಮ್‌ನಲ್ಲಿ ಎಕ್ಸ್‌ಟೆನ್ಷನ್ ಹಾಕದೆ ವಿಂಡೋ ಮುಟ್ಟೋದು ಕಷ್ಟ.

ಬರೀ ಕೀ ಬದಲಿಸೋದಾದರೆ ಕೀಡಿ (keyd) ಅನ್ನೋ ಟೂಲ್. ಎಕ್ಸ್11, ವೇಲ್ಯಾಂಡ್ ಎರಡರಲ್ಲೂ ಒಂದೇ ಥರ ನಡೆಯುತ್ತೆ, ತಲೆನೋವಿಲ್ಲ.

ಮ್ಯಾಕ್, ಚುಟುಕಾಗಿ

ವಿಂಡೋ ಜೋಡಣೆ 2024ರ ಸಿಕ್ವೊಯಾ ಆವೃತ್ತಿಯಿಂದ ಮ್ಯಾಕ್‌ನಲ್ಲೇ ಬಂದಿದೆ. ಹಳೇ ಮ್ಯಾಕ್ ಆದರೆ ಉಚಿತದ ರೆಕ್ಟಾಂಗಲ್. ಕೀ ಬದಲಿಸೋಕೆ ಕ್ಯಾರಬೈನರ್-ಎಲಿಮೆಂಟ್ಸ್. ಸ್ಕ್ರಿಪ್ಟ್ ಬರೆಯೋಕೆ ಹ್ಯಾಮರ್‌ಸ್ಪೂನ್, ಭಾಷೆ ಲುವಾ. ದುಡ್ಡು ಕೊಟ್ಟು ಕೋಡ್ ತಪ್ಪಿಸಿಕೊಳ್ಳೋರಿಗೆ ಕೀಬೋರ್ಡ್ ಮೆಯ್ಸ್ಟ್ರೋ. ವಿಂಡೋ, ಕೀ ಮುಟ್ಟೋ ಟೂಲ್‌ಗಳಿಗೆ ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗದಲ್ಲಿ ಅನುಮತಿ ಕೊಡದಿದ್ದರೆ ಸುಮ್ನೆ ಕೂತಿರುತ್ತವೆ. ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಶಾರ್ಟ್‌ಕಟ್ ನಡೆಯದಿದ್ದರೆ ಗಾಬರಿಯಾಗಬೇಡಿ, ಅದು ಬೇಕೆಂದೇ ಮಾಡಿದ ತಡೆ.

ಪೈಥಾನ್ ಯಾವಾಗ?

ಮೂರೂ ಬಗೆಯ ಕಂಪ್ಯೂಟರ್‌ನಲ್ಲಿ ಒಂದೇ ಸ್ಕ್ರಿಪ್ಟ್ ಓಡಬೇಕು, ಇಲ್ಲವೇ ಗುಂಡಿಗೆ ಹೆಸರೇ ಸಿಗುತ್ತಿಲ್ಲ ಅಂದಾಗ ಪೈಆಟೋಗುಯಿ. ಚಿತ್ರ ಕೊಟ್ಟರೆ ಪರದೆಯಲ್ಲಿ ಅಂಥದ್ದನ್ನು ಹುಡುಕಿ ಕ್ಲಿಕ್ ಮಾಡುತ್ತೆ. ಆದರೆ ಸ್ಕೇಲಿಂಗ್ ಅಥವಾ ಥೀಮ್ ಬದಲಾದರೆ ಚಿತ್ರ ಹೊಂದೋದಿಲ್ಲ. ವೇಲ್ಯಾಂಡ್‌ನಲ್ಲಿ ಇದನ್ನ ನಂಬಬೇಡಿ. ವಿಂಡೋಸ್‌ನಲ್ಲಿ ಪೈಥಾನೇ ಬೇಕು ಅಂದರೆ ಪೈವಿನ್‌ಆಟೋ ನೋಡಿ, ಅದು ಗುಂಡಿಯನ್ನು ಹೆಸರಿಂದ ಒತ್ತುತ್ತೆ.

ಪೈಆಟೋಗುಯಿಯಲ್ಲಿ ನನಗೆ ಇಷ್ಟವಾದದ್ದು ಅದರ ತಡೆ. ಮೌಸನ್ನು ಪರದೆಯ ಮೂಲೆಗೆ ರಪ್ಪಂತ ಎಳೆದರೆ ಸ್ಕ್ರಿಪ್ಟ್ ನಿಲ್ಲುತ್ತೆ. ಅದನ್ನು ಆಫ್ ಮಾಡೋಕೂ ಬರುತ್ತೆ, ದಯವಿಟ್ಟು ಮಾಡಬೇಡಿ. ಬೇರೆ ಯಾವ ಟೂಲ್ ಆದರೂ ನಿಲ್ಲಿಸೋ ಕೀಯನ್ನು ಮೊದಲು ಬರೆಯಿರಿ, ಉಳಿದದ್ದು ಆಮೇಲೆ. ಪರದೆ ಲಾಕ್ ಆದರೆ, ಅಥವಾ ರಿಮೋಟ್ ಡೆಸ್ಕ್‌ಟಾಪ್ ಮುಚ್ಚಿದರೆ, ಮೌಸ್ ಓಡಿಸೋ ಸ್ಕ್ರಿಪ್ಟ್‌ಗಳು ಗಾಳಿಗೆ ಗುದ್ದುತ್ತಿರುತ್ತವೆ. ಮನೆಗೆ ಹೋಗಿ ಬೆಳಿಗ್ಗೆ ನೋಡೋಣ ಅನ್ನೋ ಕೆಲಸಕ್ಕೆ ಇದು ಆಗಲ್ಲ.

ಭಾವನ ಅಂಗಡಿಯಲ್ಲಿ ಈಗ ಓಡುತ್ತಿರೋದು ಆಟೋಹಾಟ್‌ಕೀ 2. ಪ್ರತಿ ಸಾಲಿಗೂ ಮೊದಲು ವಿಂಡೋದ ಶೀರ್ಷಿಕೆ ನೋಡುತ್ತೆ, ಅದಲ್ಲದಿದ್ದರೆ ನಿಲ್ಲುತ್ತೆ. ಸೇವ್ ಗುಂಡಿಯನ್ನು ಹೆಸರಿಂದಲೇ ಒತ್ತುತ್ತೆ. ಎಸ್ಕೇಪ್ ಒತ್ತಿದರೆ ಎಲ್ಲ ಬಂದ್. ಎಂಬತ್ತು ಬಿಲ್‌ಗೆ ಆರೇಳು ನಿಮಿಷ. ಭಾವ ಮಾತ್ರ ಇವತ್ತಿಗೂ ಮೊದಲ ಐದು ಬಿಲ್ ಆಗೋವರೆಗೆ ಕುರ್ಚಿಯಲ್ಲಿ ಕೂರೋದಿಲ್ಲ. ನಿಂತೇ ನೋಡ್ತಾರೆ, ಬೆರಳು ಎಸ್ಕೇಪ್ ಮೇಲೆ.